‘ನನಗೇನಾಗುತ್ತಿದೆಯೋ ನನಗೇ ಗೊತ್ತಿಲ್ಲ’

ಆತನಿಗೆ 47 ವರ್ಷ. ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೇಲ್ವಿಚಾರಕರು. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಎಂಟು ತಿಂಗಳಿನಿಂದ ಎದೆ ಹಿಡಿದಂತಾಗುವುದು, ಹೊಟ್ಟೆಯುಬ್ಬರ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಇಸಿಜಿ ಎರಡು ಸಲ, ಎಕೋ ಒಂದು ಸಲ, ಟ್ರೆಡ್‌ಮಿಲ್ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿವೆ. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡು ಬಂದಿದ್ದರು. ಯಾವುದರಲ್ಲೂ ದೋಷವಿಲ್ಲ.

‘ಮನಸ್ಸಿಗೆ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದರು. ‘ಚಿಂತೆ, ದುಃಖ ಏನಾದರೂ?’ ‘ಹಾಗೇನೂ ಇಲ್ಲ.’ ‘ಈಚೆಗೆ ಮನೆಯಲ್ಲಿ ವಿಶೇಷ ಏನಾದರೂ ನಡೆಯಿತೇ?’ ‘ತಂದೆ ತೀರಿಕೊಂಡರು. ಒಂಬತ್ತು ತಿಂಗಳಾಯಿತು.’ ‘ಆಗ ನಿಮಗೆ ಹೇಗನ್ನಿಸಿತು?’ ಆತ ಸ್ವಲ್ಪ ಹೊತ್ತು ಯೋಚಿಸಿದರು. ಉತ್ತರ ತಪ್ಪಿಸಿಕೊಳ್ಳುವವರ ಮುಖವಲ್ಲ ಅದು, ನಿಜವಾಗಿ ಹುಡುಕುವವರ ಮುಖ. ಕೊನೆಗೆ ಹೇಳಿದರು: ‘ಮಳೆ ಹಿಡಿದಿತ್ತು. ಸೌದೆಯೆಲ್ಲ ಒದ್ದೆ. ಒಣ ಸೌದೆ ಹೊಂದಿಸುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಯಿತು. ಹದಿಮೂರನೆಯ ದಿನಕ್ಕೆ 250 ಎಲೆ ಬಿತ್ತು.’

ಪಕ್ಕದಲ್ಲಿದ್ದ ಪತ್ನಿಗೆ ತಡೆಯಲಾಗಲಿಲ್ಲ. ‘ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ಡಾಕ್ಟ್ರೇ ಇವ್ರು. ನನ್ನ ತಮ್ಮಂದಿರೇ ಅತ್ತರು. ಇವ್ರು ಅಡಿಗೆಯವರ ಲೆಕ್ಕ ಬರೀತಾ ಕೂತಿದ್ರು. ಮನುಷ್ಯರಲ್ಲ, ಕಲ್ಲು!’

ಆತ ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ ಬಾಗಿಲ ಬಳಿ ನಿಂತು ಕೇಳಿದರು: ‘ಇನ್ನೊಂದು ತೊಂದರೆ ಇದೆ. ಒಮ್ಮೊಮ್ಮೆ ಸ್ಕೂಟರ್ ಓಡಿಸುತ್ತಿರುವಾಗ ಕಣ್ಣಲ್ಲಿ ನೀರು ಸುರಿಯುತ್ತದೆ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೇ?’

ಇವರು ಯಾರೋ ಒಬ್ಬರಲ್ಲ. ಹಲವರ ಮಾತುಗಳನ್ನು ಕೂಡಿಸಿ ಬರೆದ ಚಿತ್ರ ಇದು. ಆದರೆ ಇಂಥವರೊಬ್ಬರು ನಿಮ್ಮ ಬಂಧುಬಳಗದಲ್ಲೂ ಇರಬಹುದು. ಜನ ಅವರನ್ನು ಕಲ್ಲುಮನಸ್ಸಿನವರು ಎನ್ನುತ್ತಾರೆ, ಬಿಗುಮಾನದವರು ಎನ್ನುತ್ತಾರೆ. ಗೌರವವಿದ್ದವರು ಸ್ಥಿತಪ್ರಜ್ಞರು ಎನ್ನುವುದೂ ಉಂಟು. ಮೂರೂ ತಪ್ಪಿರಬಹುದು. ದುಃಖ ಅವರಲ್ಲಿ ಇದೆ, ಮೈತುಂಬ ಇದೆ. ಅದು ದುಃಖ ಎಂಬ ಗುರುತು ಮಾತ್ರ ಅವರಿಗೆ ಹತ್ತುತ್ತಿಲ್ಲ.

ಹೆಸರು ಬಂದ ಬಗೆ

ಈ ಸ್ಥಿತಿಗೆ ಮನೋವೈದ್ಯರು ಇಟ್ಟಿರುವ ಹೆಸರು ಅಲೆಕ್ಸಿಥೈಮಿಯಾ. ಗ್ರೀಕ್ ಮೂಲದ ಶಬ್ದ. ‘ಅ’ ಎಂದರೆ ಇಲ್ಲ, ‘ಲೆಕ್ಸಿಸ್’ ಎಂದರೆ ಮಾತು, ‘ಥೈಮೋಸ್’ ಎಂದರೆ ಭಾವ. ಭಾವಕ್ಕೆ ಮಾತಿಲ್ಲದ ಸ್ಥಿತಿ ಎಂದು ಅರ್ಥ ಮಾಡಿಕೊಳ್ಳಬಹುದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿದ್ದ, ಗ್ರೀಸ್ ಮೂಲದ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಇದನ್ನು ಬಳಕೆಗೆ ತಂದರು. ಮನಸ್ಸಿನ ಒತ್ತಡದಿಂದ ಹೆಚ್ಚುವ ದೈಹಿಕ ಕಾಯಿಲೆಗಳ ರೋಗಿಗಳನ್ನು ಅವರೂ ಅವರ ಸಹೋದ್ಯೋಗಿ ಜಾನ್ ನೆಮಿಯಾ ಅವರೂ ಮಾತನಾಡಿಸುತ್ತಿದ್ದರು. ರೋಗಿಗಳಲ್ಲಿ ಹಲವರು ‘ಏನನ್ನಿಸಿತು’ ಎಂದು ಕೇಳಿದರೆ ‘ಏನು ನಡೆಯಿತು’ ಎಂಬುದನ್ನೇ ವಿವರವಾಗಿ ಹೇಳುತ್ತಿದ್ದರು. ನಮ್ಮ ಮೇಲ್ವಿಚಾರಕರು ಒದ್ದೆ ಸೌದೆಯ ಕಥೆ ಹೇಳಿದ ಹಾಗೆ. ಇದಕ್ಕೂ ಮೊದಲೇ, 1963ರಲ್ಲಿ, ಪ್ಯಾರಿಸ್ಸಿನ ಇಬ್ಬರು ಮನೋವಿಶ್ಲೇಷಕರು ಇಂಥದೇ ಬಗೆಯ, ಬರಿಯ ಕೆಲಸಕಾರ್ಯಗಳ ಸುತ್ತಲೇ ಸುತ್ತುವ ಚಿಂತನೆಯನ್ನು ವರ್ಣಿಸಿದ್ದರು.

1994ರಲ್ಲಿ ಕೆನಡಾದ ಟೊರಾಂಟೊದಲ್ಲಿ ಗ್ರೇಮ್ ಟೇಲರ್, ಮೈಕೇಲ್ ಬ್ಯಾಗ್ಬಿ ಮತ್ತು ಜೇಮ್ಸ್ ಪಾರ್ಕರ್ ಇದನ್ನು ಅಳೆಯಲು 20 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಹೊರತಂದರು. ಜಗತ್ತಿನ ಹೆಚ್ಚಿನ ಸಂಶೋಧನೆಗಳಲ್ಲಿ ಬಳಕೆಯಾಗುವುದು ಇದೇ. ಇದರಲ್ಲಿ ಮೂರು ಭಾಗಗಳಿವೆ. ತನ್ನ ಭಾವನೆ ಯಾವುದೆಂದು ಗುರುತಿಸಲು ಕಷ್ಟಪಡುವುದು, ಗುರುತಿಸಿದ್ದನ್ನು ಇನ್ನೊಬ್ಬರಿಗೆ ಹೇಳಲು ಕಷ್ಟಪಡುವುದು, ಒಳಗಿನದನ್ನು ಬಿಟ್ಟು ಹೊರಗಿನ ಸಂಗತಿಗಳ ಕಡೆಗೇ ಗಮನ ಹರಿಯುವುದು. 61 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅಲೆಕ್ಸಿಥೈಮಿಯಾ ಇದೆ ಎಂದು ಲೆಕ್ಕ. ಗರಿಷ್ಠ 100. ತನ್ನ ಒಳಗು ತನಗೇ ಕಾಣದವನನ್ನು ‘ನಿನ್ನ ಒಳಗು ನಿನಗೆ ಕಾಣುತ್ತದೆಯೇ’ ಎಂದು ಕೇಳುವ ಪರೀಕ್ಷೆ ಇದು, ನಿದ್ದೆ ಹೋದವನನ್ನು ‘ನಿದ್ದೆ ಬಂತೇ’ ಎಂದಂತೆ! ಈ ಆಕ್ಷೇಪ ಮೊದಲಿನಿಂದಲೂ ಇದೆ. ಹೀಗಾಗಿ ಅಂಕವನ್ನಷ್ಟೇ ನೋಡಿ ತೀರ್ಪು ಕೊಡದೆ, ಎದುರಿಗೆ ಕೂರಿಸಿಕೊಂಡು ಮಾತನಾಡಿಸುವುದು ಅಗತ್ಯ.

ಒಂದು ಮಾತು ಸ್ಪಷ್ಟವಾಗಬೇಕು. ಇದು ರೋಗವಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಎತ್ತರ, ಬಣ್ಣಗಳಂತೆ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇರುವ ಸ್ವಭಾವ ವಿಶೇಷ. ಫಿನ್ಲೆಂಡಿನ ಜನಸಾಮಾನ್ಯರಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇಕಡ 17, ಹೆಂಗಸರಲ್ಲಿ ಶೇಕಡ 10ರಷ್ಟು ಮಂದಿಯಲ್ಲಿ ಇದು ಕಂಡುಬಂದಿತ್ತು.

ಮಿತಭಾಷಿಗಳೆಲ್ಲ ಇಂಥವರೇ?

‘ನಮ್ಮ ಯಜಮಾನರೂ ಮಾತೇ ಆಡುವುದಿಲ್ಲ, ಅವರಿಗೂ ಇದೇ ಇರಬೇಕು’ ಎಂದು ಈಗಾಗಲೇ ಕೆಲವು ಓದುಗರು ತೀರ್ಮಾನಿಸಿರಬಹುದು. ಸ್ವಲ್ಪ ತಾಳಿ. ಇಲ್ಲೇ ವ್ಯಕ್ತಿತ್ವದ ಪ್ರಶ್ನೆ ಬರುವುದು.

ಮನಶ್ಶಾಸ್ತ್ರಜ್ಞರು ಇಂದು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಬೇಗ ಕಳವಳಗೊಳ್ಳುವ ಸ್ವಭಾವ, ಬಹಿರ್ಮುಖತೆ, ಹೊಸ ಅನುಭವಗಳಿಗೆ ತೆರೆದ ಮನಸ್ಸು, ಇತರರೊಡನೆ ಹೊಂದಿಕೊಳ್ಳುವ ಗುಣ, ಶಿಸ್ತು-ಶ್ರದ್ಧೆ. ಈ ಐದರಲ್ಲಿ ಅಲೆಕ್ಸಿಥೈಮಿಯಾ ಎಲ್ಲಿ ಸೇರುತ್ತದೆ ಎಂಬುದನ್ನು 1999ರಲ್ಲಿ ಬೆಲ್ಜಿಯಮ್ಮಿನ ಒಲಿವಿಯೆ ಲ್ಯುಮಿನೆ ಅವರೂ ಟೊರಾಂಟೊದ ತಂಡದವರೂ ಸೇರಿ ಪರಿಶೀಲಿಸಿದರು. ಅದು ಯಾವ ಒಂದು ಗುಣದ ಇನ್ನೊಂದು ಹೆಸರೂ ಅಲ್ಲ, ಹಲವು ಗುಣಗಳ ಎಳೆಗಳು ಸೇರಿದ ಹೆಣಿಗೆ ಎಂದು ಕಂಡುಬಂತು. ಕಳವಳದ ಸ್ವಭಾವ ಹೆಚ್ಚು, ಬಹಿರ್ಮುಖತೆ ಕಡಿಮೆ, ತೆರೆದ ಮನಸ್ಸು ಕಡಿಮೆ. ಮುಖ್ಯವಾಗಿ ಸಂತೋಷ, ಉಲ್ಲಾಸಗಳ ಅನುಭವ ಕಡಿಮೆ, ತನ್ನ ಭಾವನೆಗಳ ಬಗೆಗಿನ ಕುತೂಹಲವೂ ಕಡಿಮೆ. ಶಿಸ್ತು-ಶ್ರದ್ಧೆ ಮತ್ತು ಹೊಂದಿಕೆಗಳೊಡನೆ ಇರುವ ಸಂಬಂಧ ಅಷ್ಟೇನೂ ಗಟ್ಟಿಯಲ್ಲ.

ಪ್ರಶ್ನಾವಳಿಯ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ನೋಡಿದರೆ ವಿಷಯ ಇನ್ನೂ ಸ್ವಾರಸ್ಯಕರ. ಗುರುತಿಸುವ ಕಷ್ಟ ಹೆಚ್ಚಾಗಿ ಕಳವಳದ ಸ್ವಭಾವದೊಡನೆ ಕೂಡಿಬರುತ್ತದೆ. ಹೇಳುವ ಕಷ್ಟ ಹೆಚ್ಚಾಗಿ ಅಂತರ್ಮುಖಿಗಳಲ್ಲಿ ಕಾಣುತ್ತದೆ. ಹೊರಗಿನ ಸಂಗತಿಗಳಿಗೇ ಅಂಟಿಕೊಳ್ಳುವುದು ಹೊಸ ಅನುಭವಕ್ಕೆ ಮುಚ್ಚಿದ ಮನಸ್ಸಿನವರ ಲಕ್ಷಣ.

ಇವುಗಳಲ್ಲಿ ಮೊದಲನೆಯದು ವಿಚಿತ್ರ ಎನಿಸಬಹುದು. ಭಾವನೆ ಗುರುತಿಸಲಾಗದವರು ತಣ್ಣಗೆ, ನಿಶ್ಚಿಂತೆಯಿಂದ ಇರಬೇಕಲ್ಲವೇ? ಹಾಗಲ್ಲ. ಅವರಲ್ಲಿ ತಳಮಳ ಬೇರೆಯವರಿಗಿಂತ ಹೆಚ್ಚೇ ಇರಬಹುದು. ಮನೆಯಲ್ಲಿ ಹೊಗೆ ತುಂಬಿದೆ, ಕಣ್ಣು ಉರಿಯುತ್ತಿದೆ, ಆದರೆ ಯಾವ ಒಲೆಯದು ಎಂದು ತಿಳಿಯುತ್ತಿಲ್ಲ. ಕೋಪ ಎಂದು ತಿಳಿದರೆ ಯಾರ ಮೇಲೆ ಎಂದು ಯೋಚಿಸಬಹುದು. ಭಯ ಎಂದು ತಿಳಿದರೆ ಯಾವುದರ ಭಯ ಎಂದು ನೋಡಿಕೊಳ್ಳಬಹುದು. ಬರಿಯ ತಳಮಳವಾದರೆ ಏನು ಮಾಡಬೇಕು? ಕೆಲವರು ಕುಡಿಯುತ್ತಾರೆ, ಕೆಲವರು ಹೊತ್ತುಗೊತ್ತಿಲ್ಲದೆ ತಿನ್ನುತ್ತಾರೆ, ಕೆಲವರು ಸಣ್ಣ ಕಾರಣಕ್ಕೆ ತಟ್ಟೆ ಎಸೆದು ಆಮೇಲೆ ತಾವೇ ಬೆರಗಾಗುತ್ತಾರೆ. ಇನ್ನು ಕೆಲವರು ಫೈಲು ಹಿಡಿದು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆಯುತ್ತಾರೆ.

ಇನ್ನು ಅಂತರ್ಮುಖಿಯ ವಿಚಾರ. ಮದುವೆ ಮನೆಯ ಮೂಲೆಯಲ್ಲಿ ಸುಮ್ಮನೆ ಕೂರುವ ಎಷ್ಟೋ ಜನರಿಗೆ ತಮ್ಮ ಮನಸ್ಸಿನ ಒಂದೊಂದು ಮಡಿಕೆಯೂ ಗೊತ್ತಿರುತ್ತದೆ. ಡೈರಿ ಬರೆಯುತ್ತಾರೆ, ಕಾದಂಬರಿ ಓದಿ ಕಣ್ಣೊರೆಸಿಕೊಳ್ಳುತ್ತಾರೆ, ಆಪ್ತರೊಬ್ಬರ ಎದುರು ಮಾತ್ರ ಬಾಯಿ ಬಿಡುತ್ತಾರೆ. ಅವರಿಗೆ ಮಾತು ಬೇಡವಾಗಿದೆ, ಅಷ್ಟೆ. ಮಾತು ಇಲ್ಲದೆ ಅಲ್ಲ. ಅದೇ ಮದುವೆ ಮನೆಯಲ್ಲಿ ಎಲ್ಲರನ್ನೂ ನಗಿಸುತ್ತ, ಬಡಿಸುತ್ತ, ರಾಜಕೀಯ, ಕ್ರಿಕೆಟ್ಟು, ಅಡಿಕೆ ಧಾರಣೆ ಎಂದು ಒಂದೇ ಸಮನೆ ಹರಟುವ ಮಹಾಶಯರಿಗೆ ‘ಮಗಳು ಗಂಡನ ಮನೆಗೆ ಹೊರಟಳಲ್ಲ, ನಿಮಗೆ ಹೇಗಾಗುತ್ತಿದೆ?’ ಎಂದು ಕೇಳಿ ನೋಡಿ. ‘ವ್ಯಾನು ನಾಲ್ಕು ಗಂಟೆಗೆ ಹೇಳಿದ್ದೇನೆ’ ಎಂಬ ಉತ್ತರ ಬರಬಹುದು. ಮಾತಿನ ಪ್ರಮಾಣ ನೋಡಿ ಅಳೆಯುವಂತಿಲ್ಲ.

ಇದು ಹುಟ್ಟುಗುಣವೋ, ಸಂದರ್ಭದಿಂದ ಬಂದದ್ದೋ ಎಂಬುದೂ ದೊಡ್ಡ ಚರ್ಚೆಯಾಗಿತ್ತು. ಖಿನ್ನತೆ ಬಂದಾಗ ಯಾರಿಗೇ ಆದರೂ ಮನಸ್ಸು ಮಂಕಾಗಿ ಅಂಕ ಏರುತ್ತದೆ. ಹಾಗಾದರೆ ಇದು ಖಿನ್ನತೆಯ ನೆರಳು ಮಾತ್ರವೇ? ಲ್ಯುಮಿನೆ, ಬ್ಯಾಗ್ಬಿ ಮತ್ತು ಟೇಲರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಖಿನ್ನತೆಯ ರೋಗಿಗಳಿಗೆ ಚಿಕಿತ್ಸೆ ಕೊಟ್ಟ ನಂತರ ಎಲ್ಲರ ಅಂಕವೂ ಸರಾಸರಿಯಲ್ಲಿ ಇಳಿಯಿತು. ಆದರೆ ಮೊದಲು ಯಾರು ಯಾರಿಗಿಂತ ಮುಂದಿದ್ದರೋ ಬಹುಮಟ್ಟಿಗೆ ಅದೇ ಕ್ರಮ ಉಳಿಯಿತು. ಮಳೆಗಾಲದಲ್ಲಿ ಊರಿನ ಎಲ್ಲ ಬಾವಿಗಳ ನೀರೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಆಳದ ಬಾವಿ ಆಳದ್ದಾಗಿಯೇ ಇರುತ್ತದೆ. ಖಿನ್ನತೆಗೆ ಚಿಕಿತ್ಸೆಯಾದ ಮೇಲೂ ಉಳಿಯುವ ಭಾಗವೇ ಸ್ವಭಾವದ ಭಾಗ.

‘ಬೇಜಾರು’ ಎಂಬ ಒಂದೇ ಪದ

ಈ ಪ್ರಶ್ನಾವಳಿ 1996ರಲ್ಲೇ ಹಿಂದಿಗೆ ಬಂದಿದೆ. ಆದರೆ ಟೊರಾಂಟೊದ ಅಳತೆಗೋಲನ್ನು ನಮ್ಮವರ ಮೇಲೆ ಹಿಡಿಯುವಾಗ ಎಚ್ಚರ ಬೇಕು. ನಮ್ಮ ಭಾಷೆಯಲ್ಲಿ ಭಾವನೆಗಳು ದೇಹದಲ್ಲಿಯೇ ವಾಸಿಸುತ್ತವೆ. ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ಕೆನ್ನುತ್ತದೆ, ಎದೆ ಧಸಕ್ಕೆನ್ನುತ್ತದೆ, ಗಂಟಲು ಕಟ್ಟುತ್ತದೆ, ತಲೆ ಬಿಸಿಯಾಗುತ್ತದೆ. ಹೀಗೆ ಹೇಳುವ ಅಜ್ಜಿಗೆ ಭಾವನೆ ಗುರುತಿಸಲು ಬರುವುದಿಲ್ಲ ಎಂದರೆ ಅದು ನಮ್ಮದೇ ಅಜ್ಞಾನ. ‘ಹೊಟ್ಟೆ ಉರೀತು’ ಎಂದಾಗ ಅದು ಅಸೂಯೆಯೋ ಅಸಿಡಿಟಿಯೋ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತು.

ಇನ್ನೊಂದು ಕಡೆ ‘ಬೇಜಾರು’ ಎಂಬ ಪದವೂ ನಮ್ಮಲ್ಲಿದೆ. ಪಾರ್ಸಿಯಿಂದ ಬಂದ ಈ ಪದ ಕನ್ನಡದಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತದೆ. ಸತ್ತವರ ಸುದ್ದಿ ಕೇಳಿ ಬೇಜಾರು, ಸಿನಿಮಾ ಚೆನ್ನಾಗಿಲ್ಲದೆ ಬೇಜಾರು, ಅತ್ತೆ ಅಂದ ಮಾತಿಗೆ ಬೇಜಾರು, ಭಾನುವಾರ ಮಧ್ಯಾಹ್ನ ಸುಮ್ಮನೆ ಬೇಜಾರು. ದುಃಖ, ಸಿಟ್ಟು, ಅವಮಾನ, ಒಂಟಿತನ, ಬೇಸರ ಎಲ್ಲಕ್ಕೂ ಒಂದೇ ಚೀಲ. ಹೆಚ್ಚಿನವರು ಕೇಳಿದರೆ ಚೀಲ ಬಿಚ್ಚಿ ಒಳಗೇನಿದೆ ಎಂದು ತೋರಿಸಬಲ್ಲರು. ಅಲೆಕ್ಸಿಥೈಮಿಯಾ ಇರುವವರಿಗೆ ಚೀಲ ಬಿಚ್ಚಲಾಗುವುದಿಲ್ಲ. ನಮ್ಮ ನಾಟ್ಯಶಾಸ್ತ್ರ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಅಶ್ರು ಮುಂತಾಗಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ. ಎಲ್ಲವೂ ದೇಹದಲ್ಲಿ ತೋರುವ ಚಿಹ್ನೆಗಳು. ಅವುಗಳ ಹಿಂದಿನ ಸ್ಥಾಯಿ ಯಾವುದು, ಶೋಕವೋ ಭಯವೋ ಎಂದು ಪ್ರೇಕ್ಷಕ ಗ್ರಹಿಸುತ್ತಾನೆ. ಸ್ಕೂಟರಿನ ಮೇಲೆ ಕಣ್ಣೀರು ಸುರಿಸುವ ನಮ್ಮ ಮೇಲ್ವಿಚಾರಕರಿಗೆ ಅಶ್ರುವಿದೆ, ಶೋಕ ಸಿಕ್ಕುತ್ತಿಲ್ಲ.

ಬಾಯಿಗೆ ಬರದಿರುವುದಕ್ಕೆ ನಾಚಿಕೆಯೂ ಕಾರಣವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ರಘುರಾಮ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಖಿನ್ನತೆಯ ಲಕ್ಷಣ ಹೇಳಿಕೊಂಡರೆ ಸಮಾಜದಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಂಜಿಕೆ ರೋಗಿಗಳಲ್ಲಿತ್ತು. ಮೈಕೈ ನೋವಿನ ವಿಷಯದಲ್ಲಿ ಆ ಅಂಜಿಕೆ ಇರಲಿಲ್ಲ, ನೋವು ಎಲ್ಲರಿಗೂ ಬರುವಂಥದೇ ತಾನೇ! ತಿಳಿದೂ ಹೇಳದವರು ಬೇರೆ, ತಿಳಿಯದೆ ಹೇಳಲಾಗದವರು ಬೇರೆ. ಮೊದಲನೆಯವರಿಗೆ ಧೈರ್ಯ ತುಂಬಿದರೆ ಸಾಕು. ಎರಡನೆಯವರಿಗೆ ಧೈರ್ಯ ಹೇಳುತ್ತ ಕುಳಿತರೆ ಪ್ರಯೋಜನವಿಲ್ಲ.

ಕಾರಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡೆನ್ಮಾರ್ಕಿನ 8,785 ಜೋಡಿ ಅವಳಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವ್ಯತ್ಯಾಸದ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಂಶವಾಹಿಗಳಿಂದ ಬರುತ್ತದೆ. ಉಳಿದದ್ದು ಬೆಳೆದ ರೀತಿ, ಬದುಕಿನ ಅನುಭವಗಳು. ಬಿದ್ದು ಅಳುವ ಮಗುವಿಗೆ ‘ಹೆದರಿದೆಯಾ ಪುಟ್ಟ?’ ಎನ್ನುವ ತಾಯಿ ಅದಕ್ಕೆ ಒಂದು ಪದ ಕಲಿಸುತ್ತಾಳೆ. ‘ಗಂಡು ಹುಡುಗ ಅಳ್ತಾನೇನೋ?’ ಎನ್ನುವ ಮನೆಯಲ್ಲಿ ಆ ಪದ ಕಲಿಯುವುದೇ ಇಲ್ಲ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಲೆಕ್ಸಿಥೈಮಿಯಾ ಕೂಡ ಇರುತ್ತದೆ. ತಲೆಗೆ ಪೆಟ್ಟು ಬಿದ್ದ ನಂತರವೂ ಬರಬಹುದು.

ಏನು ಮಾಡಬಹುದು?

ಇದಕ್ಕೆಂದೇ ಗುಳಿಗೆಯಿಲ್ಲ. ಜೊತೆಗೆ ಖಿನ್ನತೆ, ಆತಂಕ ಇದ್ದರೆ ಅವಕ್ಕೆ ಔಷಧವಿದೆ, ಕೊಡಲೇಬೇಕು. ಉಳಿದದ್ದು ಕಲಿಕೆ. 2007ರಲ್ಲಿ ಲಾಸ್ ಏಂಜಲೀಸ್‌ನ ಮ್ಯಾಥ್ಯೂ ಲೀಬರ್ಮನ್ ತಂಡ ಒಂದು ಪ್ರಯೋಗವನ್ನು ಪ್ರಕಟಿಸಿತು. ಕೋಪ, ಭಯ ತುಂಬಿದ ಮುಖಗಳ ಚಿತ್ರ ನೋಡುವಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗ ಚುರುಕಾಗುತ್ತದೆ. ಆದರೆ ಆ ಮುಖದ ಭಾವಕ್ಕೆ ಹೊಂದುವ ಪದವನ್ನು ಆರಿಸಿದಾಗ ಅದರ ಚಟುವಟಿಕೆ ಇಳಿಯಿತು. ಆ ಮುಖದ ವ್ಯಕ್ತಿಗೆ ಯಾವುದೋ ಹೆಸರನ್ನು ಆರಿಸಿದಾಗ ಅಷ್ಟು ಇಳಿಯಲಿಲ್ಲ. ಭಾವಕ್ಕೆ ಪದ ಹಚ್ಚುವುದು ಬರಿಯ ಮಾತಿನ ಆಟವಲ್ಲ ಎಂಬುದಕ್ಕೆ ಇದು ಒಂದು ಆಧಾರ.

ಲೆಕ್ಕಪತ್ರದವರಿಗೆ ಲೆಕ್ಕಪುಸ್ತಕದ ದಾರಿಯೇ ಒಳ್ಳೆಯದು. ‘ನಿಮ್ಮ ಮನಸ್ಸನ್ನು ನೋಡಿಕೊಳ್ಳಿ’ ಎಂದರೆ ಕಂಗಾಲಾಗುವ ಇಂಥವರು ‘ಸಮಯ, ಸ್ಥಳ, ಜೊತೆಗೆ ಯಾರಿದ್ದರು, ಏನು ಕಂಡಿತು, ದೇಹದಲ್ಲಿ ಎಲ್ಲಿ ಏನಾಯಿತು’ ಎಂದು ಐದು ಕಂಬ ಎಳೆದುಕೊಟ್ಟರೆ ತಪ್ಪದೆ ತುಂಬಿಸುತ್ತಾರೆ. ಆರನೆಯ ಕಂಬ ಭಾವನೆಯ ಹೆಸರಿಗೆ. ಮೊದಲ ಕೆಲವು ವಾರ ಅದು ಖಾಲಿಯಿದ್ದರೂ ಚಿಂತೆಯಿಲ್ಲ. ದುಃಖ, ಸಿಟ್ಟು, ಭಯ, ನಾಚಿಕೆ, ಸಂತೋಷ ಎಂಬ ಐದು ಪದ ಸಾಕು. ‘ಬೇಜಾರು’ ಬರೆಯಬಾರದು ಎಂಬುದೊಂದೇ ನಿಯಮ. ನಮ್ಮ ಮೇಲ್ವಿಚಾರಕರ ಪುಸ್ತಕದಲ್ಲಿ ಕಣ್ಣೀರು ಬಂದ ಮೂರು ದಿನವೂ ‘ಏನು ಕಂಡಿತು’ ಎಂಬ ಕಂಬದಲ್ಲಿ ಬಸ್ ನಿಲ್ದಾಣವಿತ್ತು, ಅಲ್ಲಿ ಕಾಯುತ್ತಿದ್ದ ಬಿಳಿ ಪಂಚೆಯ ವೃದ್ಧರಿದ್ದರು. ಅದನ್ನು ಮೊದಲು ಗಮನಿಸಿದ್ದು ಅವರೇ. ತಂದೆಯನ್ನು ತಿಂಗಳಿಗೊಮ್ಮೆ ಅದೇ ನಿಲ್ದಾಣದಿಂದ ಊರಿನ ಬಸ್ಸಿಗೆ ಹತ್ತಿಸುತ್ತಿದ್ದರಂತೆ. ಆರನೆಯ ಕಂಬದಲ್ಲಿ ‘ಅಪ್ಪ’ ಎಂದಷ್ಟೇ ಬರೆದಿದ್ದರು. ಅದು ಭಾವನೆಯ ಹೆಸರಲ್ಲ, ಆದರೂ ಅದನ್ನು ತಿದ್ದುವ ಅಗತ್ಯ ಕಾಣಲಿಲ್ಲ.

ಮನೆಯವರಿಗೆ ಒಂದೆರಡು ಮಾತು. ‘ನಿಮಗೆ ಏನೂ ಅನ್ನಿಸೋದೇ ಇಲ್ವಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ, ಅದು ಚುಚ್ಚುಮಾತಾಗಿ ಉಳಿಯುತ್ತದೆ. ಬದಲಿಗೆ ನಿಮ್ಮ ಮಾತನ್ನು ಮುಂದಿಡಿ: ‘ಮಾವನವರ ಕುರ್ಚಿ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ. ನಿಮಗೂ ಹಾಗೇ ಆಗುತ್ತಾ, ಬೇರೆ ಏನಾದ್ರೂ ಆಗುತ್ತಾ?’ ಹೌದು, ಇಲ್ಲ ಎನ್ನಲು ಅವರಿಗೆ ಸುಲಭ. ಅವರ ಪ್ರೀತಿಯನ್ನು ಮಾತಿನಲ್ಲಿ ಹುಡುಕಿದರೆ ನಿರಾಶೆ ಖಂಡಿತ. ಮಳೆಯಲ್ಲಿ ನಿಂತು ಒಣ ಸೌದೆ ಹೊಂದಿಸಿದವರು ಯಾರು ಎಂಬುದನ್ನು ಆ ಪತ್ನಿ ಆಮೇಲೆ ನೆನೆಸಿಕೊಂಡರು. ಆದರೂ ಅವರ ದೂರು ಸುಳ್ಳೇನಲ್ಲ. ಇಪ್ಪತ್ತು ವರ್ಷ ಗೋಡೆಯೊಡನೆ ಮಾತನಾಡಿದಂತೆ ಆಗಿದೆ ಎನ್ನುವವರ ಕಷ್ಟವನ್ನೂ ವೈದ್ಯರು ಕೇಳಿಸಿಕೊಳ್ಳಬೇಕು.

ಕೊನೆಯದಾಗಿ, ಎದೆನೋವು ಬಂದಾಗ ‘ಇದು ಮನಸ್ಸಿನದೇ’ ಎಂದು ತಾವೇ ತೀರ್ಮಾನಿಸುವುದು ಅಪಾಯ. ಹೃದಯದ ಪರೀಕ್ಷೆ ಮೊದಲು ಆಗಲೇಬೇಕು. ಪರೀಕ್ಷೆಗಳಲ್ಲಿ ಏನೂ ಸಿಗದೆ ತೊಂದರೆ ಮುಂದುವರಿದರೆ ಐದನೆಯ ಸ್ಕ್ಯಾನಿಂಗ್‌ಗೆ ದುಡ್ಡು ಸುರಿಯುವ ಬದಲು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ‘ಏನಾಗುತ್ತಿದೆ?’ ಎಂದು ಅವರು ಕೇಳಿದಾಗ ‘ಗೊತ್ತಿಲ್ಲ, ಎದೆ ಹಿಡಿದಂತಾಗುತ್ತದೆ’ ಎಂದರೂ ಆದೀತು. ಅಲ್ಲಿಂದಲೇ ಮಾತು ಶುರುಮಾಡುತ್ತಾರೆ.